ಖಾಲಿಯಾದ ಆ ಕುರ್ಚಿಯಲ್ಲಿ ಕುಳಿತವರು ಯಾರು?

ಕಳೆದ ತಿಂಗಳು ನಮ್ಮ ಕಾಲೇಜಿಗೆ ಕ್ಯಾಂಪಸ್ ಆಯ್ಕೆಗೆಂದು ಒಂದು ಕಂಪನಿ ಬಂದಿತ್ತು. ಮೆಕ್ಯಾನಿಕಲ್ ವಿಭಾಗದ ಸೀನಿಯರ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಪರೀಕ್ಷೆ ಬರೆದರು. ಸಂಜೆ ಪಟ್ಟಿ ಬಂದಾಗ ಅದರಲ್ಲಿ ಇದ್ದದ್ದು ಎರಡೇ ಹೆಸರು. ಆ ರಾತ್ರಿ ಹಾಸ್ಟೆಲ್ ಮೆಸ್‌ನಲ್ಲಿ ಯಾರಿಗೂ ಊಟ ಸೇರಲಿಲ್ಲ. ಮಾತು ಮಾತಿಗೆ ಬೆಳೆದು ರಿಸರ್ವೇಷನ್, ರಾಜಕಾರಣಿ, ಲಂಚ, ಸೋರಿಕೆಯಾದ ಪ್ರಶ್ನೆಪತ್ರಿಕೆ ಎಲ್ಲವೂ ಬಂದುಹೋದವು. ಕೊನೆಗೆ ಒಬ್ಬ ಸೀನಿಯರ್ ತಟ್ಟೆ ಪಕ್ಕಕ್ಕೆ ತಳ್ಳಿ ಹೇಳಿದ: ‘ಈ ದೇಶ ಉದ್ಧಾರ ಆಗ್ಬೇಕು ಅಂದ್ರೆ ಒಬ್ಬ ಹಿಟ್ಲರ್ ಬರ್ಬೇಕು ಕಣ್ರೋ. ಐದೇ ವರ್ಷ ಸಾಕು, ಎಲ್ಲಾ ಸರಿ ಮಾಡ್ತಾನೆ.’

ಸುತ್ತ ಕುಳಿತಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ನಾನೂ ಆಡಿಸಿದೆ.

ನಾನಿನ್ನೂ ಐದನೇ ಸೆಮಿಸ್ಟರ್. ಬರುವ ವರ್ಷ ಅದೇ ಸಾಲಿನಲ್ಲಿ ಕೂರುವವನು. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಅಪ್ಪ ನನ್ನ ಫೀಸಿಗೆ ಸಾಲ ಮಾಡಿದ್ದಾರೆ. ದೊಡ್ಡಪ್ಪನ ಮಗ ನಾಲ್ಕು ವರ್ಷದಿಂದ ಸರ್ಕಾರಿ ನೌಕರಿಯ ಪರೀಕ್ಷೆ ಬರೆಯುತ್ತಲೇ ಇದ್ದಾನೆ. ಹೀಗಾಗಿ ಆ ಸೀನಿಯರ್‌ನ ಸಿಟ್ಟು ನನಗೆ ಹೊಸದಲ್ಲ, ಅದು ನಮ್ಮ ಮನೆಯಲ್ಲೂ ಇದೆ. ಆದರೆ ಆ ದಿನ ತಲೆಯಾಡಿಸಿದ್ದು ನನ್ನನ್ನು ಕಾಡತೊಡಗಿತು. ಹಿಟ್ಲರ್ ನಿಜವಾಗಿ ಮಾಡಿದ್ದೇನು ಎಂದು ನನಗೆ ಗೊತ್ತಿತ್ತೇ? ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ಮೇಲೆ ನಾನು ಇತಿಹಾಸದ ಪುಸ್ತಕ ಮುಟ್ಟಿದವನಲ್ಲ. ಹೈಸ್ಕೂಲಿನಲ್ಲಿ ‘ಎರಡನೇ ಮಹಾಯುದ್ಧಕ್ಕೆ ಕಾರಣಗಳೇನು?’ ಎಂಬ ನಾಲ್ಕು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿದ ಉತ್ತರ ಬರೆದಿದ್ದೆ, ಅಷ್ಟೆ. ಸೆಮಿಸ್ಟರ್ ರಜೆಯಲ್ಲಿ ಗ್ರಂಥಾಲಯದಲ್ಲಿ ಕುಳಿತು ಓದಿದೆ. ಓದಿದ್ದನ್ನು ನನ್ನಂಥವರ ಜೊತೆ ಹಂಚಿಕೊಳ್ಳಬೇಕೆನಿಸಿತು.

ಅರವತ್ತು ಲಕ್ಷ ನಿರುದ್ಯೋಗಿಗಳು

ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ 1919ರ ವರ್ಸೇಲ್ಸ್ ಒಪ್ಪಂದ ಹೇರಲಾಯಿತು. ಯುದ್ಧದ ಹೊಣೆ, ಭೂಮಿಯ ನಷ್ಟ, ಜೊತೆಗೆ ದೊಡ್ಡ ಮೊತ್ತದ ಪರಿಹಾರ. 1923ರಲ್ಲಿ ಹಣದುಬ್ಬರ ಹುಚ್ಚೆದ್ದು, ನವೆಂಬರ್ ಹೊತ್ತಿಗೆ ಒಂದು ಡಾಲರಿಗೆ ನಾಲ್ಕು ಲಕ್ಷ ಕೋಟಿಗೂ ಹೆಚ್ಚು ಮಾರ್ಕ್ ಕೊಡಬೇಕಾಯಿತು. ಜೀವಮಾನದ ಉಳಿತಾಯ ಒಂದು ಬ್ರೆಡ್ಡಿನ ಬೆಲೆಗೂ ಸಾಲದಾಯಿತು. ‘ಈ ಅವಮಾನದಿಂದಲೇ ಹಿಟ್ಲರ್ ಹುಟ್ಟಿದ’ ಎಂಬುದು ನಾನು ಹೈಸ್ಕೂಲಿನಲ್ಲಿ ಬರೆದ ಉತ್ತರ.

ಆದರೆ ಲೆಕ್ಕ ಹಾಗೆ ಹೇಳುವುದಿಲ್ಲ. ವರ್ಸೇಲ್ಸ್ ಒಪ್ಪಂದ ಆಗಿ ಒಂಬತ್ತು ವರ್ಷಗಳ ನಂತರ, 1928ರ ಚುನಾವಣೆಯಲ್ಲಿ, ನಾಜಿ ಪಕ್ಷಕ್ಕೆ ಸಿಕ್ಕಿದ್ದು ಶೇ 2.6 ಮತ. ಆ ಹೊತ್ತಿಗೆ ಜನರಿಗೆ ಕೆಲಸವಿತ್ತು, ಸಂಬಳ ಬರುತ್ತಿತ್ತು. ಅವಮಾನ ನೆನಪಿನಲ್ಲಿದ್ದರೂ ಹೊಟ್ಟೆ ತುಂಬಿತ್ತು. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. ಅಮೆರಿಕದ ಸಾಲದ ಮೇಲೆ ನಿಂತಿದ್ದ ಜರ್ಮನಿಯ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. 1930ರಲ್ಲಿ ನಾಜಿಗಳಿಗೆ ಶೇ 18.3 ಮತ ಬಂತು. 1932ರ ಆರಂಭಕ್ಕೆ ನೋಂದಾಯಿತ ನಿರುದ್ಯೋಗಿಗಳೇ ಅರವತ್ತು ಲಕ್ಷ ದಾಟಿದ್ದರು. ಅದೇ ಜುಲೈನಲ್ಲಿ ನಾಜಿಗಳ ಮತ ಶೇ 37.3ಕ್ಕೆ ಏರಿತು.

ಈ ಅಂಕಿಗಳನ್ನು ನೋಡಿದಾಗ ನನಗೆ ನಮ್ಮ ಮೆಸ್ಸಿನ ಮೇಜು ನೆನಪಾಯಿತು. ಆ ಮತ ಹಾಕಿದವರೆಲ್ಲ ರಾಕ್ಷಸರಾಗಿರಲಿಲ್ಲ. ಡಿಗ್ರಿ ಹಿಡಿದು ಕೆಲಸ ಸಿಗದವರು, ಅಂಗಡಿ ಮುಚ್ಚಿದವರು, ಪಿಂಚಣಿ ಕಳೆದುಕೊಂಡವರು ಅವರಲ್ಲಿದ್ದರು. ಕೊರಗು ನಿಜವಾಗಿತ್ತು. ಅದಕ್ಕೆ ಕೊಟ್ಟ ಕಾರಣ ಮಾತ್ರ ಸುಳ್ಳಾಗಿತ್ತು.

ಆ ಕಾರಣ ಯಹೂದಿಗಳು. ‘ನಾವು ರಣರಂಗದಲ್ಲಿ ಸೋಲಲಿಲ್ಲ, ಒಳಗಿನ ಯಹೂದಿಗಳು ಬೆನ್ನಿಗೆ ಚೂರಿ ಹಾಕಿದರು’ ಎಂಬ ಕಥೆ ಯುದ್ಧ ಮುಗಿದ ಕೂಡಲೇ ಹುಟ್ಟಿತ್ತು. ಅದೇ ಯುದ್ಧದಲ್ಲಿ ಜರ್ಮನಿಗಾಗಿ ಹೋರಾಡುತ್ತ ಸುಮಾರು 12 ಸಾವಿರ ಯಹೂದಿ ಸೈನಿಕರು ಸತ್ತಿದ್ದರು. 1933ರಲ್ಲಿ ಜರ್ಮನಿಯಲ್ಲಿದ್ದ ಯಹೂದಿಗಳು ಸುಮಾರು ಐದು ಲಕ್ಷ, ಜನಸಂಖ್ಯೆಯ ಶೇಕಡ ಒಂದಕ್ಕಿಂತ ಕಡಿಮೆ. ನೂರು ಜನರಲ್ಲಿ ಒಬ್ಬನೂ ಇಲ್ಲದ ಸಮುದಾಯ ಉಳಿದ ತೊಂಬತ್ತೊಂಬತ್ತು ಮಂದಿಯ ಕೆಲಸ ಕಸಿಯಿತು ಎಂದರೆ ಯಾವ ಗಣಿತವೂ ಒಪ್ಪುವುದಿಲ್ಲ. ಆದರೆ ಕೆಲಸವಿಲ್ಲದವನಿಗೆ ಗಣಿತಕ್ಕಿಂತ ಒಂದು ಮುಖ ಬೇಕಾಗಿರುತ್ತದೆ. ಷೇರುಪೇಟೆಗೆ ಮುಖವಿಲ್ಲ, ಪಕ್ಕದ ಬೀದಿಯ ಯಹೂದಿ ವೈದ್ಯನಿಗೆ ಮುಖವಿದೆ.

ಒಂದು ಕಾನೂನು, ಸಾವಿರಾರು ಖಾಲಿ ಹುದ್ದೆ

ಮುಕ್ತ ಚುನಾವಣೆಯಲ್ಲಿ ಹಿಟ್ಲರ್‌ಗೆ ಒಮ್ಮೆಯೂ ಬಹುಮತ ಸಿಗಲಿಲ್ಲ. 1932ರ ನವೆಂಬರ್‌ನಲ್ಲಿ ಅವನ ಮತ ಶೇ 33ಕ್ಕೆ ಇಳಿದಿತ್ತು ಕೂಡ. ಅವನನ್ನು ಅಂಕೆಯಲ್ಲಿ ಇಟ್ಟುಕೊಳ್ಳಬಹುದೆಂದು ನಂಬಿದ ಹಳೆಯ ರಾಜಕಾರಣಿಗಳ ಮಾತು ಕೇಳಿ ಅಧ್ಯಕ್ಷ ಹಿಂಡೆನ್‌ಬರ್ಗ್ 1933ರ ಜನವರಿ 30ರಂದು ಅವನನ್ನು ಚಾನ್ಸಲರ್ ಮಾಡಿದರು. ಮುಂದಿನದು ಎರಡು ತಿಂಗಳ ಕೆಲಸ. ಫೆಬ್ರುವರಿ 27ರಂದು ಸಂಸತ್ ಭವನಕ್ಕೆ ಬೆಂಕಿ ಬಿತ್ತು, ಮರುದಿನವೇ ನಾಗರಿಕ ಹಕ್ಕುಗಳು ಅಮಾನತಾದವು. ಮಾರ್ಚ್ 22ಕ್ಕೆ ದಖಾವ್ ಬಂಧನ ಶಿಬಿರ ತೆರೆಯಿತು. ಮಾರ್ಚ್ 23ರಂದು ಸಂಸತ್ತು ತನ್ನ ಅಧಿಕಾರವನ್ನು ತಾನೇ ಸರ್ಕಾರದ ಕೈಗೆ ಬರೆದುಕೊಟ್ಟಿತು.

ಏಪ್ರಿಲ್ 7ರಂದು ಬಂದ ಕಾನೂನನ್ನು ನಾವು, ಅಂದರೆ ವಿದ್ಯಾರ್ಥಿಗಳು ಮತ್ತು ಕೆಲಸ ಹುಡುಕುವವರು, ವಿಶೇಷವಾಗಿ ನೆನಪಿಡಬೇಕು. ಸರ್ಕಾರಿ ನೌಕರಿಯನ್ನು ‘ಸರಿಪಡಿಸುವ’ ಹೆಸರಿನಲ್ಲಿ ಬಂದ ಆ ಕಾನೂನಿನಿಂದ ಯಹೂದಿ ಶಿಕ್ಷಕರು, ಪ್ರೊಫೆಸರ್‌ಗಳು, ನ್ಯಾಯಾಧೀಶರು, ಗುಮಾಸ್ತರು ಮನೆಗೆ ಹೋದರು. ಏಪ್ರಿಲ್ 25ರಂದು ಇನ್ನೊಂದು ಕಾನೂನು: ಶಾಲಾ ಕಾಲೇಜುಗಳಲ್ಲಿ ‘ದಟ್ಟಣೆ ತಪ್ಪಿಸಲು’ ಹೊಸದಾಗಿ ಸೇರುವ ಯಹೂದಿ ವಿದ್ಯಾರ್ಥಿಗಳಿಗೆ ಶೇ 1.5ರ ಮಿತಿ.

ಗಮನಿಸಿ, ಇಲ್ಲಿಯವರೆಗೆ ಗ್ಯಾಸ್ ಚೇಂಬರ್ ಇಲ್ಲ. ಒಂದು ಗೆಜೆಟ್ ಅಧಿಸೂಚನೆ, ಒಂದು ಸೀಟಿನ ಲೆಕ್ಕ, ಒಂದು ರಾಜೀನಾಮೆ ಪತ್ರ. ಒಬ್ಬ ಪ್ರೊಫೆಸರ್ ಹೋದರೆ ಒಂದು ಕುರ್ಚಿ ಖಾಲಿ. ಆ ಕುರ್ಚಿಗೆ ಸಹಾಯಕ ಪ್ರಾಧ್ಯಾಪಕ, ಅವನ ಜಾಗಕ್ಕೆ ಸಂಶೋಧನಾ ವಿದ್ಯಾರ್ಥಿ. ಒಬ್ಬ ಯಹೂದಿ ವಕೀಲನ ಕಚೇರಿ ಮುಚ್ಚಿದರೆ ಅವನ ಕಕ್ಷಿದಾರರು ಎದುರಿನ ಕಚೇರಿಗೆ. ಎಷ್ಟೋ ವರ್ಷದಿಂದ ಕಾಯುತ್ತಿದ್ದವರಿಗೆ ಬಡ್ತಿ ಬಂತು. ಅವರಲ್ಲಿ ಹಲವರು ನಾಜಿ ಪಕ್ಷದವರೂ ಅಲ್ಲ, ಯಾರಿಗೂ ಕೈ ಎತ್ತಿ ಹೊಡೆದವರೂ ಅಲ್ಲ. ಖಾಲಿ ಕುರ್ಚಿ ಇತ್ತು, ಕುಳಿತರು. ಕುಳಿತ ಮೇಲೆ ಅದು ಹೇಗೆ ಖಾಲಿಯಾಯಿತು ಎಂದು ಕೇಳುವುದು ಕಷ್ಟ. ಯಹೂದಿಗಳ ಮೇಲಿನ ದೌರ್ಜನ್ಯ ನಿಲ್ಲದೆ ಮುಂದುವರಿದದ್ದಕ್ಕೆ ದ್ವೇಷದ ಜೊತೆಗೆ ಈ ಸಣ್ಣ ಸಣ್ಣ ಲಾಭಗಳೂ ಕಾರಣ ಎಂಬುದೇ ನನ್ನ ಈ ಲೇಖನದ ಮಾತು.

ಗಾಟಿಂಗೆನ್ ವಿಶ್ವವಿದ್ಯಾಲಯದ ಉದಾಹರಣೆ ನೋಡಿ. ಆಗ ಅದು ಗಣಿತ, ಭೌತಶಾಸ್ತ್ರಗಳ ಕಾಶಿ. ನೊಬೆಲ್ ಪಡೆದಿದ್ದ ಜೇಮ್ಸ್ ಫ್ರಾಂಕ್ ಅಲ್ಲಿದ್ದರು. ಮೊದಲ ಯುದ್ಧದಲ್ಲಿ ಹೋರಾಡಿದವರಿಗೆ ಆ ಕಾನೂನಿನಲ್ಲಿ ವಿನಾಯಿತಿ ಇದ್ದುದರಿಂದ ಅವರು ಹುದ್ದೆಯಲ್ಲಿ ಉಳಿಯಬಹುದಿತ್ತು. ಆದರೆ ತನ್ನವರನ್ನು ಹೊರಹಾಕುವ ಕಾನೂನಿನ ರಿಯಾಯಿತಿ ತನಗೆ ಬೇಡವೆಂದು ಅವರು ಬಹಿರಂಗವಾಗಿ ರಾಜೀನಾಮೆ ಕೊಟ್ಟರು. ಆಗ ಅದೇ ವಿಶ್ವವಿದ್ಯಾಲಯದ 42 ಅಧ್ಯಾಪಕರು ಸಹಿ ಹಾಕಿ ಒಂದು ಹೇಳಿಕೆ ಹೊರಡಿಸಿದರು. ಅದು ಫ್ರಾಂಕ್ ಪರವಾಗಿ ಇರಲಿಲ್ಲ. ಅವರ ರಾಜೀನಾಮೆ ದೇಶಕ್ಕೆ ಧಕ್ಕೆ ತರುವಂಥದ್ದೆಂದು ಖಂಡಿಸುವ ಹೇಳಿಕೆಯಾಗಿತ್ತು.

ವಿದ್ಯಾರ್ಥಿಗಳಾದರೂ ಬೇರೆಯಾಗಿದ್ದರೇ? ಇಲ್ಲ. ಅಧ್ಯಾಪಕರಿಗಿಂತ ಅವರೇ ಮುಂದಿದ್ದರು. ಹಿಟ್ಲರ್ ಅಧಿಕಾರಕ್ಕೆ ಬರುವ ಎರಡು ವರ್ಷ ಮೊದಲೇ, 1931ರಲ್ಲೇ, ಜರ್ಮನ್ ವಿದ್ಯಾರ್ಥಿ ಒಕ್ಕೂಟದ ನಾಯಕತ್ವ ನಾಜಿ ವಿದ್ಯಾರ್ಥಿಗಳ ಕೈಗೆ ಹೋಗಿತ್ತು. 1933ರ ಮೇ 10ರ ರಾತ್ರಿ ಬರ್ಲಿನ್ನಿನ ಚೌಕದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪುಸ್ತಕಗಳನ್ನು ಬೆಂಕಿಗೆ ಹಾಕಿದವರಲ್ಲಿ ಮುಂದಿದ್ದವರು ವಿದ್ಯಾರ್ಥಿಗಳು. ಆ ಕಾರ್ಯಕ್ರಮವನ್ನು ಯೋಜಿಸಿದ್ದೂ ಅವರ ಒಕ್ಕೂಟವೇ. ಆ ಫೋಟೊದಲ್ಲಿರುವ ಹುಡುಗರಿಗೆ ನನ್ನದೇ ವಯಸ್ಸು. ಈ ಸಂಗತಿ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ಟೀ ಕುಡಿದು ಬಂದೆ.

ಮೆಟ್ಟಿಲು ಮೆಟ್ಟಿಲಾಗಿ

ಅಲ್ಲಿಂದ ಮುಂದೆ ಒಂದೊಂದೇ ಮೆಟ್ಟಿಲು. 1935ರ ಸೆಪ್ಟೆಂಬರ್‌ನ ನ್ಯೂರೆಂಬರ್ಗ್ ಕಾನೂನುಗಳು ಯಹೂದಿಗಳ ಪೌರತ್ವ ಕಿತ್ತುಕೊಂಡವು, ಯಹೂದಿ ಮತ್ತು ಜರ್ಮನ್ನರ ಮದುವೆ ಅಪರಾಧವಾಯಿತು. ಯಾರು ಯಹೂದಿ ಎಂಬುದನ್ನು ಅವನ ನಂಬಿಕೆ ಕೇಳಿ ಅಲ್ಲ, ಅಜ್ಜ ಅಜ್ಜಿಯರ ಲೆಕ್ಕ ಹಾಕಿ ತೀರ್ಮಾನಿಸಿದರು. 1938ರ ನವೆಂಬರ್ 9ರ ರಾತ್ರಿ ದೇಶದಾದ್ಯಂತ ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಹಚ್ಚಿ, ಸಾವಿರಾರು ಅಂಗಡಿಗಳ ಗಾಜು ಒಡೆದರು. ಸುಮಾರು ಮೂವತ್ತು ಸಾವಿರ ಯಹೂದಿ ಗಂಡಸರನ್ನು ಶಿಬಿರಗಳಿಗೆ ಅಟ್ಟಿದರು. ಆಮೇಲೆ ನಷ್ಟಕ್ಕೆ ಯಹೂದಿಗಳೇ ಹೊಣೆ ಎಂದು ಅವರ ಮೇಲೆ ನೂರು ಕೋಟಿ ಮಾರ್ಕ್ ದಂಡ ಹಾಕಲಾಯಿತು. ಹೊಡೆಸಿಕೊಂಡವನೇ ದಂಡ ಕಟ್ಟುವ ನ್ಯಾಯ.

ಯುದ್ಧ ಶುರುವಾಗಿ ಯಹೂದಿಗಳನ್ನು ರೈಲು ತುಂಬಿಸಿ ಪೂರ್ವಕ್ಕೆ ಸಾಗಿಸಿದ ಮೇಲೆ, ಅವರ ಮನೆಯ ಮೇಜು, ಮಂಚ, ಪಾತ್ರೆ, ಹಾಸಿಗೆ ಬಟ್ಟೆಗಳನ್ನು ಹರಾಜು ಹಾಕಲಾಯಿತು. ಹ್ಯಾಂಬರ್ಗ್ ನಗರದಲ್ಲಿ ಇಂಥ ಹರಾಜುಗಳು ಬಹಿರಂಗವಾಗಿ ನಡೆದವು. ಸಾಮಾನ್ಯ ಗೃಹಿಣಿಯರು, ಗಂಡಸರು ಸಾಲುಗಟ್ಟಿ ಕೊಂಡರು. ಕಡಿಮೆ ಬೆಲೆಗೆ ಒಳ್ಳೆಯ ಬೀರು ಸಿಕ್ಕಿತೆಂದು ಖುಷಿಪಟ್ಟವರು, ಅದರೊಳಗಿನ ಬಟ್ಟೆ ಯಾರದು ಎಂದು ಕೇಳಿಕೊಳ್ಳಲಿಲ್ಲ.

ಹೊರಗಿನ ಪ್ರಪಂಚವೂ ಕೈ ತೊಳೆದುಕೊಂಡಿತು. 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳು ಸೇರಿ ಯಹೂದಿ ನಿರಾಶ್ರಿತರ ಬಗ್ಗೆ ಮಾತಾಡಿದವು. ಅನುಕಂಪ ಎಲ್ಲರೂ ತೋರಿಸಿದರು, ಬಾಗಿಲು ತೆರೆದವರು ಇಲ್ಲವೆನ್ನುವಷ್ಟು ಕಡಿಮೆ. ಮರುವರ್ಷ 937 ಪ್ರಯಾಣಿಕರನ್ನು ಹೊತ್ತ ‘ಸೇಂಟ್ ಲೂಯಿಸ್’ ಹಡಗನ್ನು ಕ್ಯೂಬಾ, ಅಮೆರಿಕ, ಕೆನಡಾ ಸೇರಿಸಿಕೊಳ್ಳದೆ ಯುರೋಪಿಗೆ ವಾಪಸ್ ಕಳಿಸಿದವು. ಹಿಂದಿರುಗಿದವರಲ್ಲಿ 254 ಮಂದಿ ನರಮೇಧದಲ್ಲಿ ಸತ್ತರು.

ಕೆಲಸ ಕೊಟ್ಟದ್ದು ನಿಜವೇ?

‘ಅದೆಲ್ಲ ಸರಿ ಮಗಾ, ಆದ್ರೆ ನಿರುದ್ಯೋಗ ಹೋಗಲಾಡಿಸಿದ್ನಲ್ಲ? ಆಟೋಬಾನ್ ರಸ್ತೆ ಕಟ್ಟಿಸಿದ್ನಲ್ಲ?’ ರಜೆ ಮುಗಿಸಿ ಬಂದ ಮೇಲೆ ರೂಮ್‌ಮೇಟ್ ಕೇಳಿದ ಮೊದಲ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. 1938ರ ಹೊತ್ತಿಗೆ ನಿರುದ್ಯೋಗಿಗಳ ಸಂಖ್ಯೆ ಐದು ಲಕ್ಷಕ್ಕಿಂತ ಕೆಳಗಿಳಿದದ್ದು ನಿಜ. ಆದರೆ ಹೇಗೆ?

ಮೊದಲನೆಯದಾಗಿ, ಆಟೋಬಾನ್ ಕಲ್ಪನೆ ಹಿಟ್ಲರನದ್ದಲ್ಲ. ಕಲೋನ್ ಮತ್ತು ಬಾನ್ ನಡುವಿನ ಅಂಥ ರಸ್ತೆಯನ್ನು 1932ರಲ್ಲೇ, ಅವನು ಅಧಿಕಾರಕ್ಕೆ ಬರುವ ಮೊದಲು, ಕಲೋನ್ ಮೇಯರ್ ಕೊನ್ರಾಡ್ ಅಡೆನಾವರ್ ಉದ್ಘಾಟಿಸಿದ್ದರು. ಕಾಮಗಾರಿ ಜೋರಾಗಿದ್ದಾಗಲೂ ರಸ್ತೆಯ ಮೇಲೆ ದುಡಿದವರು ಒಂದೂಕಾಲು ಲಕ್ಷದ ಆಸುಪಾಸು. ಅರವತ್ತು ಲಕ್ಷದ ಮುಂದೆ ಅದು ಎಷ್ಟು? ಎರಡನೆಯದಾಗಿ, ಯಹೂದಿಗಳನ್ನು, ಹಲವು ವಿವಾಹಿತ ಮಹಿಳೆಯರನ್ನು ಕೆಲಸದಿಂದ ತೆಗೆದರು. 1935ರಿಂದ ಯುವಕರಿಗೆ ಕಡ್ಡಾಯ ಶ್ರಮಸೇವೆ, ಕಡ್ಡಾಯ ಸೈನ್ಯಸೇವೆ ಬಂತು. ಪಟ್ಟಿಯಿಂದ ಹೆಸರು ತೆಗೆದರೆ ಸಂಖ್ಯೆ ಇಳಿಯಲೇಬೇಕು. ಮೂರನೆಯದಾಗಿ, 1933ರ ಮೇ 2ರಂದು ಕಾರ್ಮಿಕ ಸಂಘಗಳನ್ನು ಮುಚ್ಚಿಸಿದರು. ಮುಷ್ಕರ ಇಲ್ಲ, ಸಂಬಳ ಕೇಳುವಂತಿಲ್ಲ. ಪ್ರತಿಯೊಬ್ಬ ಕಾರ್ಮಿಕನಿಗೂ ಒಂದು ‘ಕೆಲಸದ ಪುಸ್ತಕ’, ಅದು ಮಾಲೀಕನ ವಶದಲ್ಲಿ. ಈಗ ಬಾಂಡ್ ಬರೆಸಿಕೊಳ್ಳುವ ಕಂಪನಿಗಳನ್ನು ಬೈಯುವ ನಾವು ಅಲ್ಲಿದ್ದಿದ್ದರೆ ಏನೆನ್ನುತ್ತಿದ್ದೆವೋ.

ಎಲ್ಲಕ್ಕಿಂತ ಮುಖ್ಯವಾದದ್ದು ಶಸ್ತ್ರಾಸ್ತ್ರ. ಹೆಚ್ಚಿನ ಹೊಸ ಕೆಲಸ ಹುಟ್ಟಿದ್ದು ಟ್ಯಾಂಕು, ವಿಮಾನ, ಮದ್ದುಗುಂಡುಗಳಿಂದ, ಅದಕ್ಕೆ ಬಂದ ಹಣ ಸಾಲದಿಂದ. ‘ಮೆಫೊ’ ಎಂಬ ಹೆಸರಿಗೆ ಮಾತ್ರ ಇದ್ದ ಕಂಪನಿಯ ಹುಂಡಿಗಳ ಮೂಲಕ ಬಜೆಟ್ಟಿನಲ್ಲಿ ಕಾಣಿಸದಂತೆ ಸುಮಾರು 1,200 ಕೋಟಿ ಮಾರ್ಕ್ ಸಾಲ ಎತ್ತಿದರು. ಸಾಲ ಮಾಡಿ ತುಪ್ಪ ತಿನ್ನುವುದು ಎನ್ನುತ್ತೇವಲ್ಲ, ಇವರು ಸಾಲ ಮಾಡಿ ಫಿರಂಗಿ ಮಾಡಿದರು. ತುಪ್ಪವನ್ನಾದರೂ ತಿನ್ನಬಹುದು, ಫಿರಂಗಿಯನ್ನು ತಿನ್ನಲೂ ಆಗದು, ಅದರಿಂದ ಸಾಲ ತೀರಿಸಲೂ ಆಗದು. 1939ರ ಜನವರಿಯಲ್ಲಿ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಶಾಖ್ಟ್ ಮತ್ತು ನಿರ್ದೇಶಕರು, ಹೀಗೇ ಹೋದರೆ ಹಣಕಾಸು ಕುಸಿಯುತ್ತದೆ ಎಂದು ಹಿಟ್ಲರ್‌ಗೆ ಬರೆದರು. ಎರಡು ವಾರದಲ್ಲಿ ಶಾಖ್ಟ್ ಹುದ್ದೆ ಹೋಯಿತು.

ಇಲ್ಲಿಯೇ ಯಹೂದಿಗಳ ಮೇಲಿನ ದೌರ್ಜನ್ಯ ಮತ್ತು ಮಹಾಯುದ್ಧ ಎರಡೂ ಒಂದೇ ಖಾತೆಗೆ ಬರುವುದು. ಹೊಸ ಸಂಪತ್ತು ಹುಟ್ಟಿಸದೆ ಎಲ್ಲರಿಗೂ ಹಂಚುತ್ತೇನೆ ಎನ್ನುವವನು ಯಾರಿಂದಲೋ ಕಿತ್ತುಕೊಳ್ಳಲೇಬೇಕು. ಮೊದಲು ಮನೆಯೊಳಗಿನ ದುರ್ಬಲರಿಂದ ಕಿತ್ತುಕೊಂಡರು: ಯಹೂದಿಗಳ ಹುದ್ದೆ, ಅಂಗಡಿ, ಬ್ಯಾಂಕ್ ಖಾತೆ. ಅದು ಸಾಲದಾದಾಗ ನೆರೆಯವರಿಂದ ಕಿತ್ತುಕೊಂಡರು: 1938ರಲ್ಲಿ ಆಸ್ಟ್ರಿಯಾ ಮತ್ತು ಅದರ ಬ್ಯಾಂಕಿನ ಚಿನ್ನ, 1939ರ ಮಾರ್ಚ್‌ನಲ್ಲಿ ಪ್ರಾಗ್. ಪೂರ್ವದ ಭೂಮಿ ಜರ್ಮನ್ನರಿಗೆ ಬೇಕು, ಅಲ್ಲಿನ ಜನ ಕೀಳು ಜನಾಂಗ ಎಂಬ ಸಿದ್ಧಾಂತ ಮೊದಲಿನಿಂದಲೂ ಇತ್ತು. ಖಾಲಿ ಖಜಾನೆ ಅದಕ್ಕೆ ಅವಸರ ಕೊಟ್ಟಿತು.

ಯುದ್ಧಕ್ಕೆ ಬೇರೆ ಕಾರಣಗಳಿಲ್ಲವೆಂದಲ್ಲ. 1931ರಲ್ಲಿ ಜಪಾನ್ ಮಂಚೂರಿಯಾಕ್ಕೆ, 1935ರಲ್ಲಿ ಇಟಲಿ ಇಥಿಯೋಪಿಯಾಕ್ಕೆ ನುಗ್ಗಿದಾಗ ರಾಷ್ಟ್ರಸಂಘ ಠರಾವು ಬರೆಯಿತೇ ಹೊರತು ತಡೆಯಲಿಲ್ಲ. ಅದನ್ನು ನೋಡಿ ಹಿಟ್ಲರ್ ಧೈರ್ಯ ಮಾಡಿದ. 1938ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ಬ್ರಿಟನ್, ಫ್ರಾನ್ಸ್ ಸೇರಿ ಜೆಕೊಸ್ಲೊವಾಕಿಯಾದ ಒಂದು ತುಂಡನ್ನು ಆ ದೇಶವನ್ನು ಕೇಳದೆಯೇ ಅವನಿಗೆ ಒಪ್ಪಿಸಿದವು. 1939ರ ಆಗಸ್ಟ್ 23ರಂದು ಸ್ಟಾಲಿನ್ ಅವನ ಜೊತೆ ಒಪ್ಪಂದ ಮಾಡಿಕೊಂಡು ಪೋಲೆಂಡ್ ಹಂಚಿಕೊಳ್ಳಲು ಒಪ್ಪಿದ. ಸೆಪ್ಟೆಂಬರ್ 1ರಂದು ಪೋಲೆಂಡ್ ಮೇಲೆ ದಾಳಿ. ಆರು ವರ್ಷದಲ್ಲಿ ಆರು ಕೋಟಿಗೂ ಹೆಚ್ಚು ಜನ ಸತ್ತರು. ಸುಮಾರು ಅರವತ್ತು ಲಕ್ಷ ಯಹೂದಿಗಳನ್ನು ಯುದ್ಧದ ನಡುವೆ ಸಿಕ್ಕಿದ್ದಕ್ಕಲ್ಲ, ಯಹೂದಿಗಳಾಗಿ ಹುಟ್ಟಿದ್ದಕ್ಕೆ ಕೊಂದರು.

ನನ್ನ ಸಿಲಬಸ್ಸಿನೊಳಗಿನ ಕುಲುಮೆ

ಈಗ ನಾನು ಬರೆಯಲು ಹಿಂಜರಿಯುವ ಭಾಗ. ಐದನೇ ಸೆಮಿಸ್ಟರ್‌ನಲ್ಲಿ ಕುಲುಮೆಗಳ ಬಗ್ಗೆ ನಾನೊಂದು ಸೆಮಿನಾರ್ ಕೊಡಬೇಕಿತ್ತು. ಶಾಖ ವ್ಯರ್ಥವಾಗದಂತೆ ಗಾಳಿಯ ಹರಿವನ್ನು ಹೇಗೆ ರೂಪಿಸುವುದು, ಇಂಧನ ಹೇಗೆ ಉಳಿಸುವುದು ಎಂಬ ವಿಷಯ. ಕುಲುಮೆಗಳ ಇತಿಹಾಸ ಹುಡುಕುತ್ತ ಹೋದವನಿಗೆ ಜರ್ಮನಿಯ ಎರ್ಫರ್ಟ್ ನಗರದ ‘ಟಾಫ್ ಅಂಡ್ ಸನ್ಸ್’ ಕಂಪನಿಯ ಹೆಸರು ಸಿಕ್ಕಿತು. ಬ್ರೂವರಿ ಯಂತ್ರ, ಧಾನ್ಯದ ಕಣಜ, ಚಿತಾಗಾರದ ಕುಲುಮೆಗಳನ್ನು ಮಾಡುತ್ತಿದ್ದ ಹೆಸರುವಾಸಿ ಕಂಪನಿ. ಅದರ ಎಂಜಿನಿಯರ್ ಕುರ್ಟ್ ಪ್ರೂಫರ್ ಬುಖೆನ್‌ವಾಲ್ಡ್, ಆಷ್‌ವಿಟ್ಜ್ ಶಿಬಿರಗಳಿಗೆ ಶವ ಸುಡುವ ಕುಲುಮೆ ವಿನ್ಯಾಸ ಮಾಡಿದ. ಆಷ್‌ವಿಟ್ಜ್‌ಗೆ ಹಲವು ಸಲ ಹೋಗಿಬಂದ. ಅಲ್ಲಿ ಏನಾಗುತ್ತಿದೆ ಎಂಬುದು ಅವನಿಗೆ ಗೊತ್ತಿತ್ತು. ಇನ್ನೊಬ್ಬ ಎಂಜಿನಿಯರ್ ಫ್ರಿಟ್ಜ್ ಸ್ಯಾಂಡರ್ 1942ರಲ್ಲಿ, ಯಾರೂ ಕೇಳದಿದ್ದರೂ, ನಿಲ್ಲದೆ ಹಗಲು ರಾತ್ರಿ ಕೆಲಸ ಮಾಡುವ ದೊಡ್ಡ ಕುಲುಮೆಯ ವಿನ್ಯಾಸ ಮಾಡಿ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದ.

ಆಷ್‌ವಿಟ್ಜ್‌ನಲ್ಲಿ ಸತ್ತವರು ಸುಮಾರು ಹನ್ನೊಂದು ಲಕ್ಷ, ಅವರಲ್ಲಿ ಹತ್ತು ಲಕ್ಷದಷ್ಟು ಯಹೂದಿಗಳು. ಆ ಕಂಪನಿಯ ಒಟ್ಟು ವ್ಯವಹಾರದಲ್ಲಿ ಶಿಬಿರಗಳ ಆರ್ಡರ್ ತೀರಾ ಚಿಕ್ಕ ಪಾಲು. ಒಲ್ಲೆ ಎಂದಿದ್ದರೂ ಕಂಪನಿ ಮುಳುಗುತ್ತಿರಲಿಲ್ಲ. ಹಾಗಾದರೆ ಏಕೆ ಮಾಡಿದರು? ಬಡ್ತಿ, ಸಹೋದ್ಯೋಗಿಗಳ ಜೊತೆ ಪೈಪೋಟಿ, ಒಂದು ತಾಂತ್ರಿಕ ಸಮಸ್ಯೆಯನ್ನು ಬಿಡಿಸಿದ ಹೆಮ್ಮೆ. ನಾವು ಲ್ಯಾಬಿನಲ್ಲಿ ದಕ್ಷತೆ ಶೇ 2 ಹೆಚ್ಚಿಸಿದಾಗ ಪಡುವ ಹೆಮ್ಮೆಯೇ. ಇಡೀ ಯುರೋಪಿನ ಯಹೂದಿಗಳನ್ನು ಕೊಲ್ಲುವ ಕೆಲಸವನ್ನು ಹೊಂದಿಸಲು 1942ರ ಜನವರಿ 20ರಂದು ಬರ್ಲಿನ್ ಬಳಿಯ ವಾನ್‌ಸೀಯಲ್ಲಿ ಸೇರಿದ ಹದಿನೈದು ಅಧಿಕಾರಿಗಳಲ್ಲಿ ಎಂಟು ಮಂದಿ ಡಾಕ್ಟರೇಟ್ ಪಡೆದವರು. ಸಭೆ ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಯಿತು. ಓದಿದವರು ತಪ್ಪು ಮಾಡುವುದಿಲ್ಲ ಎಂಬ ನನ್ನ ನಂಬಿಕೆ ಅಲ್ಲಿಗೆ ಹೋಯಿತು.

ಸೆಮಿನಾರ್ ಕೊಟ್ಟೆ. ಕೊನೆಯ ಸ್ಲೈಡಿನಲ್ಲಿ ಆ ಕಂಪನಿಯ ಹೆಸರು ಹಾಕಿ ಎರಡು ನಿಮಿಷ ಮಾತಾಡಿದೆ. ‘ಇದು ಸಿಲಬಸ್ಸಿನಲ್ಲಿ ಇಲ್ಲ’ ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ಮೇಡಂ ಮಾತ್ರ, ‘ಇರಬೇಕಿತ್ತು’ ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು.

‘ಬ್ರಿಟಿಷರೇನು ಸಾಚಾನಾ?’

ಇದು ರೂಮ್‌ಮೇಟ್‌ನ ಎರಡನೇ ಪ್ರಶ್ನೆ. ಖಂಡಿತ ಅಲ್ಲ. 1939ರಲ್ಲಿ ನಮ್ಮವರನ್ನು ಒಂದು ಮಾತೂ ಕೇಳದೆ ವೈಸ್‌ರಾಯ್ ಭಾರತವನ್ನು ಯುದ್ಧಕ್ಕೆ ಎಳೆದರು. 1943ರ ಬಂಗಾಳದ ಬರಗಾಲದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಇದನ್ನು ಯಾರೂ ಮರೆಯಬೇಕಿಲ್ಲ. ಆದರೆ ಬ್ರಿಟಿಷರು ಕೆಟ್ಟವರಾದ ಮಾತ್ರಕ್ಕೆ ಹಿಟ್ಲರ್ ನಮ್ಮವನಾಗುವುದಿಲ್ಲ. ಭಾರತ ಬೇರೆ ಯಾರ ಕೈಗೆ ಹೋಗುವುದಕ್ಕಿಂತ ಬ್ರಿಟಿಷರ ಆಳ್ವಿಕೆಯಲ್ಲಿ ಇರುವುದೇ ಒಳ್ಳೆಯದೆಂದು ಅವನು ತನ್ನ ಪುಸ್ತಕದಲ್ಲೇ ಬರೆದಿದ್ದ. 1937ರ ನವೆಂಬರ್‌ನಲ್ಲಿ ತನ್ನನ್ನು ಕಾಣಲು ಬಂದ ಲಾರ್ಡ್ ಹ್ಯಾಲಿಫ್ಯಾಕ್ಸ್‌ಗೆ, ಅಂದರೆ ಗಾಂಧಿ–ಇರ್ವಿನ್ ಒಪ್ಪಂದದ ಅದೇ ಇರ್ವಿನ್‌ಗೆ, ಗಾಂಧಿಯನ್ನು ಗುಂಡಿಟ್ಟು ಕೊಲ್ಲಿ ಎಂದು ಸಲಹೆ ಕೊಟ್ಟಿದ್ದ. ಅವನ ಜನಾಂಗಗಳ ಏಣಿಯಲ್ಲಿ ನಮ್ಮ ಮೆಸ್ಸಿನ ಮೇಜಿನಲ್ಲಿ ಕುಳಿತಿದ್ದ ಒಬ್ಬರಿಗೂ ಜಾಗವಿರಲಿಲ್ಲ.

ಬೆಂಗಳೂರಿಗೆ ಬಂದ ಇಬ್ಬರು

ಓದುತ್ತ ಹೋದಾಗ ಈ ಕಥೆಯ ಒಂದು ಎಳೆ ನಮ್ಮ ಬೆಂಗಳೂರಿಗೂ ಬಂದಿತ್ತು. ಗಾಟಿಂಗೆನ್‌ನಲ್ಲಿ 1933ರ ಆ ಕಾನೂನಿನಿಂದ ಕುರ್ಚಿ ಕಳೆದುಕೊಂಡವರಲ್ಲಿ ಮ್ಯಾಕ್ಸ್ ಬಾರ್ನ್ ಒಬ್ಬರು. ಕ್ವಾಂಟಮ್ ಸಿದ್ಧಾಂತ ಕಟ್ಟಿದವರಲ್ಲಿ ಅಗ್ರಗಣ್ಯರು, ಮುಂದೆ 1954ರಲ್ಲಿ ನೊಬೆಲ್ ಪಡೆದವರು. ಸರ್ ಸಿ.ವಿ. ರಾಮನ್ ಅವರನ್ನು ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿದರು. 1935–36ರಲ್ಲಿ ಸುಮಾರು ಆರು ತಿಂಗಳು ಅವರು ಬೆಂಗಳೂರಿನಲ್ಲಿದ್ದರು. ಕಾಯಂ ಮಾಡಿಕೊಳ್ಳಬೇಕೆಂದು ರಾಮನ್ ಪ್ರಯತ್ನಿಸಿದಾಗ, ಇಂಗ್ಲೆಂಡಿನಿಂದ ಬಂದಿದ್ದ ಒಬ್ಬ ಪ್ರೊಫೆಸರ್ ಸಭೆಯಲ್ಲೇ ಎದ್ದು, ಸ್ವಂತ ದೇಶದಿಂದ ಹೊರದಬ್ಬಿಸಿಕೊಂಡ ಎರಡನೇ ದರ್ಜೆಯ ವಿದೇಶಿ ನಮಗೆ ಬೇಡ ಎಂಬರ್ಥದ ಮಾತಾಡಿದರು. ಆ ದಿನದ ನೋವನ್ನು ಬಾರ್ನ್ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ನೇಮಕ ಆಗಲಿಲ್ಲ, ಅವರು ಎಡಿನ್‌ಬರೋಗೆ ಹೋದರು.

ಅವರ ಅಕ್ಕತಂಗಿಯ ಮಗ ಆಟೋ ಕೋನಿಗ್ಸ್‌ಬರ್ಗರ್ ಬರ್ಲಿನ್ನಿನ ವಾಸ್ತುಶಿಲ್ಪಿ. ಅವರೂ ನಾಜಿಗಳಿಂದ ಕೆಲಸ ಕಳೆದುಕೊಂಡವರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1939ರಲ್ಲಿ, ಮೈಸೂರು ಸಂಸ್ಥಾನ ಅವರಿಗೆ ಮುಖ್ಯ ವಾಸ್ತುಶಿಲ್ಪಿಯ ಹುದ್ದೆ ಕೊಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವರ ವಿನ್ಯಾಸ. ಮುಂದೆ ಭುವನೇಶ್ವರ ನಗರದ ಯೋಜನೆಯನ್ನೂ ಅವರೇ ಮಾಡಿದರು. ಕಳೆದ ವರ್ಷ ಓಪನ್ ಡೇಗೆಂದು ಹೋದಾಗ ಆ ಆವರಣದಲ್ಲಿ ಸೆಲ್ಫಿ ತೆಗೆದುಕೊಂಡು ಬಂದಿದ್ದೆ. ಆ ಕಟ್ಟಡಗಳ ಹಿಂದೆ ಇಂಥ ಕಥೆ ಇದೆ ಎಂದು ಗೊತ್ತಿರಲಿಲ್ಲ. ಜರ್ಮನಿ ಕುರ್ಚಿ ಕಿತ್ತುಕೊಂಡ ಮನುಷ್ಯನಿಗೆ ನಮ್ಮ ನಾಡು ಕುರ್ಚಿ ಕೊಟ್ಟಿತು, ಇನ್ನೊಬ್ಬರಿಗೆ ಕೊಡಲಾಗಲಿಲ್ಲ. ಎರಡೂ ನಮ್ಮದೇ ಇತಿಹಾಸ.

ಮತ್ತೆ ಮೆಸ್ಸಿಗೆ

ಆ ಕಾಲದಲ್ಲಿ ಬೇಡವೆಂದವರೂ ಇದ್ದರು. ಮ್ಯೂನಿಕ್ ವಿಶ್ವವಿದ್ಯಾಲಯದ ಸೋಫಿ ಶೋಲ್ ಮೊದಲು ನಾಜಿ ಬಾಲಕಿಯರ ಸಂಘದಲ್ಲಿ ಉತ್ಸಾಹದಿಂದಲೇ ಇದ್ದವಳು. ನಿಧಾನಕ್ಕೆ ಕಣ್ಣು ತೆರೆದು, ಅಣ್ಣ ಹಾನ್ಸ್ ಮತ್ತು ಗೆಳೆಯರ ಜೊತೆ ಸರ್ವಾಧಿಕಾರದ ವಿರುದ್ಧ ಕರಪತ್ರ ಹಂಚಿದಳು. ಪೋಲೆಂಡ್‌ನಲ್ಲಿ ಯಹೂದಿಗಳ ಕೊಲೆ ನಡೆಯುತ್ತಿದೆ ಎಂಬುದು ಆ ತಂಡದ ಒಂದು ಕರಪತ್ರದಲ್ಲಿ ಇತ್ತು. 1943ರ ಫೆಬ್ರುವರಿ 22ರಂದು ಅವಳ ತಲೆ ಕಡಿದರು. ಆಗ ಅವಳಿಗೆ ಇಪ್ಪತ್ತೊಂದು ವರ್ಷ, ನನಗಿಂತ ಒಂದು ವರ್ಷ ದೊಡ್ಡವಳು. ಅವಳಷ್ಟು ಧೈರ್ಯ ನನಗಿದೆ ಎಂದು ಹೇಳಿಕೊಳ್ಳುವ ಧೈರ್ಯವೂ ನನಗಿಲ್ಲ. 1933ರ ಗಾಟಿಂಗೆನ್‌ನಲ್ಲಿ ನಾನಿದ್ದಿದ್ದರೆ, ಅಪ್ಪನ ಸಾಲ ತಲೆಯ ಮೇಲಿದ್ದು ಎದುರಿಗೆ ಒಂದು ಕುರ್ಚಿ ಖಾಲಿಯಾಗಿದ್ದರೆ, ಏನು ಮಾಡುತ್ತಿದ್ದೆ? ಪ್ರಾಮಾಣಿಕವಾಗಿ ಹೇಳುತ್ತೇನೆ, ಗೊತ್ತಿಲ್ಲ.

ಆದರೆ 1933ರ ಏಪ್ರಿಲ್‌ನಲ್ಲಿ ‘ಇದು ತಪ್ಪು’ ಎನ್ನಲು ತಲೆ ಕೊಡಬೇಕಾಗಿರಲಿಲ್ಲ. ಆ 42 ಸಹಿಗಳನ್ನು ಹಾಕದಿದ್ದರೆ ಸಾಕಿತ್ತು. ಹತ್ತು ವರ್ಷದ ನಂತರ ಅದೇ ಮಾತಿಗೆ ಬೆಲೆ ಜೀವವಾಯಿತು. ಬೇಗ ಹೇಳಿದರೆ ಕಡಿಮೆ ಬೆಲೆ, ತಡಮಾಡಿದಷ್ಟೂ ದುಬಾರಿ. ಇಷ್ಟು ಗಣಿತ ನನಗೆ ಅರ್ಥವಾಗಿದೆ.

ಕೆಲಸ ಸಿಗದ ಸಿಟ್ಟು ತಪ್ಪಲ್ಲ. ಹುದ್ದೆ ಏಕೆ ತುಂಬುತ್ತಿಲ್ಲ, ಪರೀಕ್ಷೆ ಏಕೆ ನಡೆಯುತ್ತಿಲ್ಲ, ಪ್ರಶ್ನೆಪತ್ರಿಕೆ ಹೇಗೆ ಸೋರಿತು ಎಂದು ಜೋರಾಗಿಯೇ ಕೇಳೋಣ. ಹಾಗೆ ಕೇಳಬಹುದಾದ ವ್ಯವಸ್ಥೆ ಇದೆ ಎಂಬುದೇ ನಮ್ಮ ಆಸ್ತಿ. ಹಿಟ್ಲರ್ ಮೊದಲು ಕಿತ್ತುಕೊಂಡದ್ದು ಅದನ್ನೇ. ಆ ಸಿಟ್ಟಿಗೆ ಯಾರಾದರೂ ಒಂದು ಸಮುದಾಯದ ಮುಖ ತಂದು ತೋರಿಸಿ ‘ಇವರು ಹೋದರೆ ನಿನಗೆ ಜಾಗ’ ಎಂದರೆ, ಒಂದು ಕ್ಷಣ ತಡೆದು ಲೆಕ್ಕ ಹಾಕೋಣ. ನಾವು ಎಂಜಿನಿಯರ್‌ಗಳು, ಲೆಕ್ಕ ಹಾಕುವುದು ಕಲಿತಿದ್ದೇವಲ್ಲ.

ಮೊನ್ನೆ ಮೆಸ್ಸಿನಲ್ಲಿ ಮತ್ತೆ ಅದೇ ಮಾತು ಬಂತು. ಈ ಸಲ ನಾನು ತಲೆಯಾಡಿಸಲಿಲ್ಲ. ‘ಅಣ್ಣಾ, ಹಿಟ್ಲರ್ ಬಂದಿದ್ದ ದೇಶದಲ್ಲಿ ಏನಾಯ್ತು ಗೊತ್ತಾ?’ ಎಂದೆ. ‘ಶುರು ಹಚ್ಕೊಂಡ ನೋಡು ಇವ್ನು’ ಎಂದು ಎಲ್ಲರೂ ನಕ್ಕರು. ಆದರೆ ಆ ಸೀನಿಯರ್ ಎದ್ದು ಹೋಗಲಿಲ್ಲ. ಸಾರಿನ ಪಾತ್ರೆ ಈಚೆ ಎಳೆದುಕೊಂಡು, ‘ಏನಾಯ್ತು ಹೇಳು’ ಎಂದ.